ಕುಲುಮೆಗೆ ಲೆಕ್ಕ ಬರೆದ ಮೇಡಂ

ಶಿವಮೊಗ್ಗದ ಗಾಂಧಿ ಬಜಾರ್‌ಗೆ ಬೀಡು ಕಬ್ಬಿಣದ ದೋಸೆ ಹಂಚು ಕೊಳ್ಳಲು ಹೋಗಿದ್ದೆ. ಅಂಗಡಿಯವನು ಗೋಣಿಚೀಲದೊಳಗಿಂದ ಹೊಸ ಹಂಚೊಂದನ್ನು ಎಳೆದು ಕೈಗೆ ಕೊಟ್ಟ. ಇನ್ನೂ ಎಣ್ಣೆ ಕಾಣದ, ಬೂದು ಬಣ್ಣದ ಒರಟು ಹಂಚು. ಹಿಂಬದಿಯಲ್ಲಿ ಅಚ್ಚಿನ ಮರಳು ಅಲ್ಲಲ್ಲಿ ಅಂಟಿಕೊಂಡಿತ್ತು. ಯಾಕೋ ಮೂಗಿನ ಹತ್ತಿರ ಹಿಡಿದೆ. ಸುಟ್ಟ ಮರಳು, ಕಲ್ಲಿದ್ದಲ ಪುಡಿ, ತಣ್ಣಗಾದ ಕಬ್ಬಿಣ... ಮೂರೂ ಸೇರಿದ ಆ ವಾಸನೆಗೆ ಹೆಸರಿಲ್ಲ. ‘ಮೂಸಿ ನೋಡಿ ತಗೊಳೋಕೆ ಇದೇನು ಮಾವಿನಹಣ್ಣಾ ಸಾರ್?’ ಎಂದು ಅಂಗಡಿಯವನು ನಕ್ಕ. ನಾನೂ ನಗಬೇಕಿತ್ತು. ಆದರೆ ಅಷ್ಟರಲ್ಲಿ ನಾನು ಭದ್ರಾವತಿಯ ಹೊರಗಿನ ಒಂದು ಫೌಂಡ್ರಿಯ ಅಂಗಳದಲ್ಲಿ ನಿಂತಿದ್ದೆ. ಪಕ್ಕದಲ್ಲಿ ನಮ್ಮ ಮೇಡಂ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾ ನಿಂತಿದ್ದರು.

ಸೆರಗೋ, ಚೂಡಿದಾರದ ದುಪಟ್ಟಾವೋ, ಖಚಿತವಾಗಿ ಹೇಳಲಾರೆ. ಸಾಕ್ಷಿ ಇಲ್ಲದ ಮಾತನ್ನು ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗುವವನು ನಾನು. ಹಾಗಿದ್ದ ಮೇಲೆ ಇಪ್ಪತ್ತು ವರ್ಷಕ್ಕೂ ಹಿಂದಿನ ನನ್ನ ನೆನಪನ್ನೇ ಮೊದಲು ಅನುಮಾನಿಸಬೇಕಲ್ಲ. ಮುಂದೆ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಬೇರೆ ಮಾಡಿ ತೋರಿಸುವ ಶಕ್ತಿ ನನಗಿಲ್ಲ. ಕನ್ನಡಕವಂತೂ ಇತ್ತು. ಅಷ್ಟು ಗಟ್ಟಿ.

ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುತ್ತಿದ್ದಾಗ ಅವರು ನಮಗೆ ಅತಿಥಿ ಉಪನ್ಯಾಸಕಿ. ತೊಂಬತ್ತರ ದಶಕದ ನಡುಭಾಗ. ಮದ್ರಾಸಿನಲ್ಲಿ ಸಂಶೋಧನೆ ಮಾಡುತ್ತಿದ್ದವರು, ತಂದೆಗೆ ಲಕ್ವ ಹೊಡೆದಾಗ ಅದನ್ನು ಅರ್ಧಕ್ಕೇ ಬಿಟ್ಟು ಶಿವಮೊಗ್ಗಕ್ಕೆ ಬಂದಿದ್ದರು. ತಂದೆ ಹೋದ ಮೇಲೆ ತಾಯಿಯನ್ನು ಬಿಟ್ಟು ಮತ್ತೆ ಹೋಗಲಿಲ್ಲ. ಬೆಳಗಿನ ಬಸ್ಸಿನಲ್ಲಿ ಬಂದು, ಧೂಳು ಕೊಡವಿಕೊಂಡು, ಹಾಜರಿ ಕೂಡ ಕೂಗದೆ ಪಾಠ ಶುರು ಮಾಡುತ್ತಿದ್ದರು. ಮೊದಲ ದಿನ ಬೋರ್ಡಿನ ಮೇಲೆ, ಎಕ್ಸ್ ಅಂದರೆ ಎಕ್ಸ್‌ಗೆ ಒಂದು ಕೂಡಿಸಿದ್ದು ಎಂದು ಬರೆದು, ‘ಇದನ್ನ ನಿಮ್ಮ ಹೈಸ್ಕೂಲ್ ಗಣಿತದ ಮೇಷ್ಟ್ರಿಗೆ ತೋರಿಸಿದ್ರೆ ಏನಂತಾರೆ?’ ಎಂದು ಕೇಳಿದರು. ಹಿಂದಿನ ಬೆಂಚಿನಿಂದ ಯಾರೋ, ‘ಬೆತ್ತ ತಗೋತಾರೆ ಮೇಡಂ’ ಎಂದರು. ‘ಸರಿಯಾಗೇ ಮಾಡ್ತಾರೆ’ ಎಂದು ಅದನ್ನು ಒರೆಸಿದರು.

ಆವರೆಗೆ ನಾವು ಕಲಿತ ಭಾಷೆಗಳಲ್ಲಿ ಪ್ರೋಗ್ರಾಂ ಎಂದರೆ ಡಬ್ಬಿಗಳ ಸಾಲು. ಡಬ್ಬಿಯೊಳಗೆ ಒಂದು ಸಂಖ್ಯೆ ಇಡುವುದು, ಬೇಕಾದಾಗ ಅದನ್ನು ಅಳಿಸಿ ಇನ್ನೊಂದನ್ನು ಇಡುವುದು. ಮೇಡಂ ಕಲಿಸಿದ ಎಂಎಲ್ ಎಂಬ ಭಾಷೆಯಲ್ಲಿ ಹೀಗೆ ಅಳಿಸುವುದು ಅಪರಾಧವಿದ್ದಂತೆ. ಒಂದು ಹೆಸರಿಗೆ ಒಂದು ಬೆಲೆ ಕೊಟ್ಟರೆ ಅದು ಕೊನೆಯವರೆಗೂ ಅದೇ. ಹೊಸದು ಬೇಕಾದರೆ ಹಳೆಯದನ್ನು ಹಾಗೆಯೇ ಇಟ್ಟು ಹೊಸದನ್ನು ಹುಟ್ಟಿಸಬೇಕು. ಇಡೀ ಪ್ರೋಗ್ರಾಂ ಎಂದರೆ ಒಂದಕ್ಕೊಂದು ಹೆಣೆದ ಫಂಕ್ಷನ್‌ಗಳು ಮಾತ್ರ. ಇದನ್ನು ಕೊಟ್ಟರೆ ಅದು ಬರುತ್ತದೆ. ಇವತ್ತು ಕೊಟ್ಟರೂ ಅದೇ, ನಾಳೆ ಕೊಟ್ಟರೂ ಅದೇ.

ನನಗೆ ಇದು ಪಂಡಿತರ ಆಟದಂತೆ ಕಂಡಿತ್ತು. ಊರೆಲ್ಲ ಫಾಕ್ಸ್‌ಪ್ರೋದಲ್ಲಿ ಅಡಿಕೆ ಮಂಡಿಯವರಿಗೆ ಬಿಲ್ ಹೊಡೆದುಕೊಡುತ್ತಿದ್ದ ಕಾಲ. ‘ಈ ಭಾಷೇಲಿ ಹೊರಗಡೆ ಯಾರಾದ್ರೂ ಒಂದು ಉಪಯೋಗದ ಪ್ರೋಗ್ರಾಂ ಬರೆದು ಮಾರಿದಾರಾ ಮೇಡಂ?’ ಎಂದು ಕ್ಲಾಸಿನಲ್ಲೇ ಕೇಳಿದೆ. ‘ಎಲ್ಲೋ ದೂರದಲ್ಲಿ ಇದಾರೆ. ಇಲ್ಲಿ ಯಾರೂ ಇಲ್ಲ’ ಎಂದರು. ಬೇಜಾರಾದಂತೆ ಕಾಣಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ರೂಮು ಹಿಡಿದಿದ್ದೇನೆ, ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದರು. ನನಗೆ ಈ ಭಾಷೆಯ ಮೇಲೆ ನಂಬಿಕೆಯಿಲ್ಲ ಎಂದೆ. ‘ಗೊತ್ತು ಮಾರಾಯ. ನಂಬೋರು ಇಬ್ಬರು ಸೇರಿದ್ರೆ ಭಜನೆ ಮಂಡಳಿ ಆಗುತ್ತೆ. ಅನುಮಾನ ಇರೋನು ಒಬ್ಬ ಬೇಕು’ ಎಂದರು.

ಹಾಗೆ ನಾನು ಅವರ ಜೊತೆ ಸೇರಿದೆ. ಕೆಳಗೆ ಟೈಲರ್ ಅಂಗಡಿ, ಮೇಲೆ ನಮ್ಮ ಒಂದೇ ಕೋಣೆ. ಎರಡು ಕಂಪ್ಯೂಟರು, ಕರೆಂಟು ಹೋದಾಗಲೆಲ್ಲ ಕಿರುಚುವ ಒಂದು ಯುಪಿಎಸ್ಸು. ದಿನವಿಡೀ ಕೆಳಗಿನಿಂದ ಹೊಲಿಗೆ ಯಂತ್ರಗಳ ಸದ್ದು.

ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಸಂಜೆ ನಾಲ್ಕಕ್ಕೆ ಕಾಫಿ ಬರುತ್ತಿತ್ತು. ಅದನ್ನು ಕುಡಿಯುತ್ತಾ ನಾನು ಬರೆದ ಫಂಕ್ಷನ್‌ಗಳನ್ನು ಅವರೂ, ಅವರು ಬರೆದದ್ದನ್ನು ನಾನೂ ಗಟ್ಟಿಯಾಗಿ ಓದಬೇಕು. ಸಾಲು ಸಾಲಾಗಿ ಅಲ್ಲ, ಕನ್ನಡದಲ್ಲಿ, ಒಂದೊಂದು ಫಂಕ್ಷನ್‌ಗೆ ಒಂದೊಂದೇ ವಾಕ್ಯ. ‘ಇದಕ್ಕೆ ಗುಜರಿಯ ಜಾತಿ ಕೊಟ್ಟರೆ ಅದರೊಳಗಿನ ಇಂಗಾಲ ಎಷ್ಟೆಂದು ಹೇಳುತ್ತದೆ.’ ವಾಕ್ಯದ ನಡುವೆ ‘ಆಮೇಲೆ’ ಎಂಬ ಮಾತು ಬಂದರೆ ಮೇಡಂ ಕೈ ಎತ್ತುತ್ತಿದ್ದರು. ಆಮೇಲೆ ಬಂತು ಎಂದರೆ ಒಂದೇ ಫಂಕ್ಷನ್ ಎರಡು ಕೆಲಸ ಮಾಡುತ್ತಿದೆ ಎಂದರ್ಥ. ಅದನ್ನು ಒಡೆದು ಬರೆಯಬೇಕು. ಮೊದಮೊದಲು ನನ್ನ ಬರಹದಲ್ಲಿ ಆಮೇಲೆಗಳೇ ತುಂಬಿರುತ್ತಿದ್ದವು. ‘ನಿಂದು ಪ್ರೋಗ್ರಾಮಲ್ಲಪ್ಪ, ಅಜ್ಜಿ ಕಥೆ’ ಎನ್ನುತ್ತಿದ್ದರು. ಆ ಮಾತು ಕೇಳುವುದಕ್ಕಾಗಿಯೇ ಕೆಲವು ಸಲ ಬೇಕೆಂದು ಹಾಗೆ ಬರೆದೆನೇನೋ...

ಗುಜರಿ ಯಾಕೆ ಬಂತೆಂದರೆ, ನಮಗೆ ಸಿಕ್ಕ ಮೊದಲ ಗಿರಾಕಿ ಭದ್ರಾವತಿಯ ಆ ಫೌಂಡ್ರಿ. ನೀರೆತ್ತುವ ಪಂಪುಗಳ ಹೊರಕವಚವನ್ನು ಅಲ್ಲಿ ಎರಕ ಹೊಯ್ಯುತ್ತಿದ್ದರು. ಹಳೆಯ ಯಂತ್ರದ ತುಂಡು, ಒಡೆದ ಪೈಪು, ಬೀಡಿನ ಗಟ್ಟಿ, ಸಿಕ್ಕಿದ್ದೆಲ್ಲ ಕುಲುಮೆಗೆ ಹೋಗುತ್ತಿತ್ತು. ಪ್ರತಿ ಸಲ ಹಾಕುವ ಗುಜರಿಯಲ್ಲಿ ಏನೇನಿದೆ ಎಂದು ನೋಡಿ, ಅದಕ್ಕೆ ತಕ್ಕ ಹಾಗೆ ಸಿಲಿಕಾನ್ ಬೆರೆಸಬೇಕು. ಕಡಿಮೆಯಾದರೆ ಎರಕ ಒಳಗೊಳಗೇ ಬಿಳಿಚಿಕೊಂಡು ಗಾಜಿನಂತೆ ಒಡೆಯುತ್ತದೆ. ಈ ಬೆರಕೆಯ ಲೆಕ್ಕ ಹೇಳುವ ಪ್ರೋಗ್ರಾಂ ನಮ್ಮದು. ಮೇಡಂ ಅದನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಇಂಥದ್ದು ಕೊಟ್ಟರೆ ಇಂಥದ್ದು ಎನ್ನುವ ಶುದ್ಧ ಲೆಕ್ಕ ಇದು, ಫಂಕ್ಷನ್‌ಗೆಂದೇ ಹುಟ್ಟಿದ ಕೆಲಸ ಎನ್ನುತ್ತಿದ್ದರು. ಇದು ನಿಂತರೆ ಆ ಭಾಷೆ ಬೋರ್ಡಿನಿಂದ ಇಳಿದು ಬೆಂಕಿಯ ಮುಂದೆಯೂ ನಿಲ್ಲುತ್ತದೆ ಎಂದು ತೋರಿಸಿದಂತೆ. ಮದ್ರಾಸಿನಲ್ಲಿ ಅರ್ಧಕ್ಕೆ ಬಿಟ್ಟುಬಂದದ್ದನ್ನು ಅವರು ಇಲ್ಲಿ, ಈ ಕುಲುಮೆಯ ಪಕ್ಕದಲ್ಲಿ ಮುಗಿಸಲು ಹೊರಟಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೇ? ಗೊತ್ತಿಲ್ಲ.

ಫೌಂಡ್ರಿಯ ಯಜಮಾನರು ಹಣೆ ತುಂಬ ವಿಭೂತಿ ಇಟ್ಟುಕೊಳ್ಳುತ್ತಿದ್ದ, ಎಲ್ಲರನ್ನೂ ಗದರಿಸಿಯೇ ಮಾತಾಡಿಸುತ್ತಿದ್ದ ಹಿರಿಯರು. ಕುಲುಮೆ ನೋಡಿಕೊಳ್ಳುತ್ತಿದ್ದ ಫೋರ್‌ಮನ್ ಬೆಳೆದದ್ದು ಭದ್ರಾವತಿಯ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ. ಅವನ ಕನ್ನಡದೊಳಗೆ ತಮಿಳು ಆರಾಮಾಗಿ ಓಡಾಡಿಕೊಂಡಿತ್ತು. ಪ್ರೋಗ್ರಾಂ ಕೂರಿಸಿದ ದಿನ ಮೇಡಂ ಎಲ್ಲರನ್ನೂ ಕಂಪ್ಯೂಟರಿನ ಸುತ್ತ ನಿಲ್ಲಿಸಿಕೊಂಡು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸಿದರು. ಪ್ರತಿ ಸಲವೂ ಅದೇ ಉತ್ತರ. ‘ನೋಡಿ, ಇದಕ್ಕೆ ಮರೆವಿಲ್ಲ, ಮುನಿಸಿಲ್ಲ. ಇವತ್ತು ಕೇಳಿದ್ರೂ ಅದೇ ಹೇಳುತ್ತೆ, ಮುಂದಿನ ವರ್ಷ ಕೇಳಿದ್ರೂ ಅದೇ ಹೇಳುತ್ತೆ’ ಎಂದರು. ಅವರ ಮುಖ ಹೊಳೆಯುತ್ತಿತ್ತು. ‘ನನ್ನ ಹೆಂಡ್ತಿ ಥರ’ ಎಂದ ಫೋರ್‌ಮನ್. ಯಜಮಾನರೂ ನಕ್ಕುಬಿಟ್ಟರು.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಒಡೆಯುವ ಎರಕಗಳು ಕಡಿಮೆಯಾದವು. ಯಜಮಾನರು ಕುಂಸಿಯಿಂದ ಬಂದ ನೆಂಟರಿಗೆಲ್ಲ ಕಂಪ್ಯೂಟರ್ ತೋರಿಸಿ, ‘ಇದು ಬೇರೆ ಥರದ್ದು, ಅಳಿಸಲ್ಲ ಇದು’ ಎಂದು ವಿವರಿಸುವುದನ್ನು ನಾನೇ ಕೇಳಿದ್ದೇನೆ. ನನ್ನ ಅನುಮಾನವೂ ಯಾವಾಗಲೋ ಕರಗಿತ್ತು. ಯಾವ ದಿನ ಎಂದು ಹೇಳಲಾರೆ. ಒಂದು ಸಂಜೆ ಮೇಡಂ ಬರೆದದ್ದನ್ನು ಓದುತ್ತಾ ಓದುತ್ತಾ, ಇದಕ್ಕಿಂತ ಬೇರೆ ಥರ ಇದನ್ನು ಬರೆಯಲು ಸಾಧ್ಯವೇ ಇಲ್ಲ ಅನ್ನಿಸಿ ಸುಮ್ಮನಾದೆ. ‘ಏನಾಯ್ತು, ಆಮೇಲೆ ಬಂತಾ?’ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ.

ಆಮೇಲೆ ಒಂದು ಬೆಳಿಗ್ಗೆ ಫೌಂಡ್ರಿಯಿಂದ ಫೋನು ಬಂತು. ಒಂದು ಲಾರಿ ಪಂಪಿನ ಕವಚ ವಾಪಸ್ ಬಂದಿದೆ. ತೂತು ಕೊರೆಯಲು ಹೋದರೆ ಹೋಳಾಗುತ್ತಿವೆ. ನಾವಿಬ್ಬರೂ ಸಿಕ್ಕ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮೇಡಂ ಕಣ್ಣು ಮುಚ್ಚಿ ಪ್ರೋಗ್ರಾಮನ್ನು ಮೊದಲಿನಿಂದ ಮನಸ್ಸಿನಲ್ಲೇ ಓದುತ್ತಿದ್ದರು. ತುಟಿ ಅಲ್ಲಾಡುತ್ತಿದ್ದದ್ದರಿಂದ ಗೊತ್ತಾಗುತ್ತಿತ್ತು. ಎಲ್ಲೂ ತಪ್ಪಿಲ್ಲ ಎಂದರು ಇಳಿಯುವಾಗ.

ತಪ್ಪಿರಲಿಲ್ಲ. ಕಂಪ್ಯೂಟರ್ ಮೇಲೆ ಟವೆಲ್ ಹೊದೆಸಿತ್ತು. ಟವೆಲ್ ಮೇಲೆ ಮಸಿ ಕೂತಿತ್ತು. ಕುಲುಮೆಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬೆರಕೆಯ ಅಳತೆಗಳನ್ನು ದಪ್ಪಗೆ ಬರೆದು, ಸುತ್ತ ಚೌಕ ಹಾಕಿದ್ದರು. ಮೇಡಂ ಗೋಡೆಯನ್ನೂ ಫೋರ್‌ಮನ್ನನ್ನೂ ನೋಡಿದರು.

‘ನೀವೇ ಹೇಳಿದ್ರಲ್ಲ ಮೇಡಂ’ ಎಂದ ಅವನು. ‘ಇನ್ನಿಕ್ಕಿ ಕೇಳಿದ್ರೂ ಅದೇ, ನಾಳೈಕ್ಕಿ ಕೇಳಿದ್ರೂ ಅದೇ ಅಂತ. ಅದೇ ಅಂದ್ಮೇಲೆ ದಿನಾ ಯಾಕೆ ಕೇಳೋದು? ಒಂದು ದಪ ಕೇಳಿ ಬರ್ಕೊಂಡೆ.’

ಅದೇ ಗುಜರಿ ಕೊಟ್ಟರೆ ಅದೇ ಉತ್ತರ ಎಂಬುದು ಮೇಡಂ ಮನಸ್ಸಿನಲ್ಲಿದ್ದದ್ದು. ಅವನಿಗೆ ಕೇಳಿಸಿದ್ದು ಕೊನೆಯ ಅರ್ಧ ಮಾತ್ರ. ಆ ತಿಂಗಳು ಬಂದ ಲೋಡಿನಲ್ಲಿ ತುಂಬಿದ್ದದ್ದು ರೈಲು ಕಂಬಿಯ ತುಂಡುಗಳು, ಅಂದರೆ ಉಕ್ಕು. ಅದಕ್ಕೆ ಬೇರೆಯದೇ ಬೆರಕೆ ಬೇಕಿತ್ತು. ಮೊದಲೆಲ್ಲ ಸಣ್ಣ ತುಂಡೊಂದನ್ನು ಹೊಯ್ದು, ಒಡೆದು, ಒಳಗಿನ ಬಣ್ಣ ನೋಡುತ್ತಿದ್ದರು. ಇಷ್ಟು ಖಚಿತವಾಗಿ ಹೇಳುವ ಯಂತ್ರ ಬಂದ ಮೇಲೆ ಅದನ್ನೂ ನಿಲ್ಲಿಸಿದ್ದರು. ನನಗೆ ಸಿಟ್ಟು ಬಂದು ಏನೋ ಹೇಳಲು ಹೋದೆ. ಮೇಡಂ ತಡೆದರು. ‘ಇಲ್ಲ, ಅವರು ಹೇಳೋದು ಸರಿ. ನಾನು ಉತ್ತರ ಬದಲಾಗಲ್ಲ ಅಂತ ಹೇಳಿದೆ. ಪ್ರಶ್ನೆ ಬದಲಾಗುತ್ತೆ ಅಂತ ಹೇಳ್ಲಿಲ್ಲ’ ಎಂದರು.

ಯಜಮಾನರು ಮಾತ್ರ ಗೋಡೆಯನ್ನು ಬಿಟ್ಟು ಭಾಷೆಯನ್ನು ಹಿಡಿದರು. ‘ಅಲ್ಲಮ್ಮಾ, ಇದನ್ನ ಸರಿ ಮಾಡೋಕೆ ಶಿವಮೊಗ್ಗದಲ್ಲಿ ನೀವಿಬ್ರನ್ನ ಬಿಟ್ರೆ ಮೂರನೇ ಆಸಾಮಿ ಇದಾನಾ? ವಿಷುವಲ್ ಬೇಸಿಕ್ ಅಂತೀರಾ, ನೆಹರೂ ರೋಡಲ್ಲಿ ಕಲ್ಲು ಹೊಡೆದ್ರೆ ಗೊತ್ತಿರೋನ ತಲೆಗೇ ಬೀಳುತ್ತೆ. ನಾಳೆ ನಿಮಗೊಂದು ಮದುವೆಗಿದುವೆ ಆಗಿ ಹೋದ್ರೆ ನಾನ್ಯಾರನ್ನ ಹುಡುಕ್ಲಿ?’

‘ಮದುವೆ ಆದ್ರೆ ತಲೆ ಖಾಲಿ ಆಗುತ್ತಾ ಯಜಮಾನ್ರೇ?’

‘ನಂದಂತೂ ಆಯ್ತು’ ಎಂದರು ಅವರು, ನಗದೆ. ಆಮೇಲೆ ನೇರವಾಗಿ ಹೇಳಿದರು: ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲಿ ಬರೆದುಕೊಟ್ಟರೆ ಇರಲಿ, ಇಲ್ಲದಿದ್ದರೆ ಕಂಪ್ಯೂಟರ್ ತೆಗೆದುಬಿಡುತ್ತೇನೆ. ಮೇಡಂ ಬರೆಯುವುದಿಲ್ಲ ಎಂದರು. ಅಷ್ಟು ಗಟ್ಟಿಯಾಗಿ ಅವರು ಇಲ್ಲ ಎಂದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ, ‘ಡಬ್ಬಿ ಭಾಷೇಲಿ ಬರೆದ್ರೆ ಇವತ್ತಲ್ಲ ನಾಳೆ ಯಾರೋ ಒಬ್ಬ ಯಾವುದೋ ಡಬ್ಬಿಗೆ ಕೈ ಹಾಕ್ತಾನೆ. ಗೋಡೆ ಮೇಲಿನ ಬರಹಕ್ಕಿಂತ ಅದು ಕೆಟ್ಟದ್ದು’ ಎಂದರು. ನಾನು ಪೂರ್ತಿ ಅವರ ಕಡೆಗಿದ್ದೆ. ಅನುಮಾನಕ್ಕೆಂದು ಸೇರಿಸಿಕೊಂಡವನೇ ಭಜನೆ ಮಂಡಳಿಗೆ ಸೇರಿದ್ದೆ.

ಪ್ರೋಗ್ರಾಂ ಪ್ರತಿ ದಿನ ಮೊದಲು ಗುಜರಿಯ ವಿವರ ಕೇಳಿ, ಅದಿಲ್ಲದೆ ಮುಂದೆ ಹೋಗದ ಹಾಗೆ ತಿದ್ದಿದೆವು. ಯಜಮಾನರು ಒಪ್ಪಲೂ ಇಲ್ಲ, ತೆಗೆಯಲೂ ಇಲ್ಲ. ಹಬ್ಬ ಕಳೆಯಲಿ ಎಂದರು. ಆ ದಿನಗಳಲ್ಲಿ ಮೇಡಂ ಎರಡು ಮೂರು ಸಲ ಆಫೀಸಿಗೆ ಬರಲಿಲ್ಲ. ಜ್ವರ ಎಂದರು. ಕೈಯ ಮೇಲೆ ನೀಲಿ ಕಲೆಗಳಿದ್ದವು. ಬಸ್ಸಿನ ಕಂಬಿಗೆ ತಾಗಿತು ಎಂದರು. ಕಲೆಗಳನ್ನು ನಾನು ಆಗಲೇ ಗಮನಿಸಿದ್ದೆನೋ, ಎಲ್ಲ ಗೊತ್ತಾದ ಮೇಲೆ ನನ್ನ ನೆನಪೇ ಹೋಗಿ ಅವುಗಳನ್ನು ಅಲ್ಲಿ ಮೂಡಿಸಿತೋ...

ಆಯುಧಪೂಜೆಗೆ ಯಜಮಾನರು ಕರೆದಿದ್ದರು. ಕುಲುಮೆ ಆರಿಸಿ ತೊಳೆದಿದ್ದರು. ಸುತ್ತಿಗೆ, ಇಕ್ಕಳ, ಕೊರೆಯುವ ಯಂತ್ರ, ಎಲ್ಲಕ್ಕೂ ವಿಭೂತಿ ಬಳಿದು ಚೆಂಡುಹೂವು ಮುಡಿಸಿದ್ದರು. ಕಂಪ್ಯೂಟರಿನ ಗಾಜಿಗೂ ವಿಭೂತಿಯ ಮೂರು ಪಟ್ಟೆ. ಕುಂಬಳಕಾಯಿ ಒಡೆದಾದ ಮೇಲೆ ಯಜಮಾನರು ಮಂಡಕ್ಕಿ, ಸಿಹಿ ಹಂಚುತ್ತಾ ನಮ್ಮ ಹತ್ತಿರ ಬಂದರು. ಮೇಡಂ ಎಲೆಯ ದೊನ್ನೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ‘ಬರೆದುಕೊಡ್ತೀನಿ ಯಜಮಾನ್ರೇ. ಎಲ್ಲರಿಗೂ ಗೊತ್ತಿರೋ ಭಾಷೇಲೇ ಬರೆದುಕೊಡ್ತೀನಿ’ ಎಂದರು. ಯಾರೂ ಮತ್ತೆ ಒತ್ತಾಯ ಮಾಡಿರಲಿಲ್ಲ. ಯಜಮಾನರಿಗೇ ಆಶ್ಚರ್ಯವಾಯಿತು. ‘ಒಳ್ಳೇದಾಗ್ಲಿ ತಾಯಿ’ ಎಂದು ಇನ್ನೊಂದು ಹಿಡಿ ಮಂಡಕ್ಕಿ ಹಾಕಿದರು.

ಹೊರಗೆ ಬಂದ ಮೇಲೆ ನಾನು ಜಗಳಕ್ಕೇ ನಿಂತೆ. ‘ಹೆದರಿಬಿಟ್ರಾ ಮೇಡಂ? ಇಷ್ಟಕ್ಕೇ?’ ಎಂದೆ. ಅವರು ಗೇಟಿನ ನೆರಳಿನಲ್ಲಿ ಕೂತರು. ನಿಂತುಕೊಳ್ಳಲು ಆಗುತ್ತಿರಲಿಲ್ಲ ಎಂದು ಈಗ ಗೊತ್ತು. ‘ಭಾಷೆ ಉಳಿಯೋದು ಬೇರೆ, ಕೆಲಸ ಉಳಿಯೋದು ಬೇರೆ. ಎರಡರಲ್ಲಿ ಒಂದನ್ನ ಆರಿಸ್ಕೋ ಅಂದ್ರೆ ಕೆಲಸಾನೇ ಉಳೀಲಿ’ ಎಂದರು. ಅದನ್ನು ನಾನು ಸೋಲಿನ ಮಾತೆಂದೇ ಕೇಳಿಸಿಕೊಂಡೆ.

ಮರುದಿನದಿಂದಲೇ ಬರೆಯಲು ಕೂತರು. ಅಷ್ಟು ಅವಸರ ಯಾಕೆಂದು ತಿಳಿಯಲಿಲ್ಲ. ವಿಷುವಲ್ ಬೇಸಿಕ್‌ನಲ್ಲಿ ಡಬ್ಬಿಗಳಿವೆ, ಅಳಿಸಬಹುದು, ಬದಲಿಸಬಹುದು. ಅವರು ಒಂದನ್ನೂ ಬದಲಿಸಲಿಲ್ಲ. ಆ ಭಾಷೆ ಕೊಟ್ಟ ಸಲಿಗೆಯನ್ನೆಲ್ಲ ಪಕ್ಕಕ್ಕಿಟ್ಟು, ಮೊದಲಿನ ಫಂಕ್ಷನ್‌ಗಳನ್ನೇ ಒಂದೊಂದಾಗಿ ತಂದು ಕೂರಿಸಿದರು. ‘ಎಂಎಲ್‌ಗೆ ಲುಂಗಿ ಉಡಿಸಿದಂಗಿದೆ ಮೇಡಂ’ ಎಂದು ನಾನು ಕುಟುಕಿದೆ. ಬಹಳ ದಿನದ ಮೇಲೆ ಜೋರಾಗಿ ನಕ್ಕರು. ‘ಉಡಿಸಿದ್ರೇನಂತೆ, ಮೈಯಿ ಅದೇ ಅಲ್ವಾ?’

ನನಗೆ ನೋವಾದದ್ದು ಬೇರೆಯದಕ್ಕೆ. ನಾಲ್ಕು ಗಂಟೆಯ ಓದಿಗೆ ಅವರು ನನ್ನನ್ನು ಬಿಟ್ಟು, ಪಕ್ಕದ ಕಂಪ್ಯೂಟರ್ ಸೆಂಟರಿನಲ್ಲಿ ಆಗಷ್ಟೇ ವಿಷುವಲ್ ಬೇಸಿಕ್ ಕಲಿಯುತ್ತಿದ್ದ ಒಬ್ಬ ಹುಡುಗಿಯನ್ನು ಕರೆತಂದು ಕೂರಿಸಿಕೊಂಡರು. ಅವಳಿಗೆ ಫೌಂಡ್ರಿ ಗೊತ್ತಿಲ್ಲ, ಗುಜರಿ ಗೊತ್ತಿಲ್ಲ, ನಮ್ಮ ಭಾಷೆಯಂತೂ ಗೊತ್ತೇ ಇಲ್ಲ. ಅವಳು ಓದುತ್ತಾ ತಡವರಿಸಿದ ಕಡೆಯಲ್ಲೆಲ್ಲ ಮೇಡಂ ಅಳಿಸಿ ಮತ್ತೆ ಬರೆದರು. ಅವಳು ತಡವರಿಸದೆ ಓದುವವರೆಗೂ ಬರೆದರು. ನಾನು ಓದುತ್ತೇನೆ ಎಂದರೆ, ‘ನಿನಗೆ ಅರ್ಥ ಆಗುತ್ತೆ. ಅದಕ್ಕೇ ನೀನು ಬೇಡ’ ಎಂದರು. ಇನ್ನೊಮ್ಮೆ, ನಾನು ಮುಖ ಊದಿಸಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಾಗ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: ‘ನಾನಿಲ್ಲದಿದ್ರೆ ನೀನು, ನೀನಿಲ್ಲದಿದ್ರೆ ಇನ್ಯಾರೋ ಅಂತ ಆಗ್ಬಾರ್ದು. ಯಾರೂ ಬೇಕಾಗ್ಬಾರ್ದು ಇದಕ್ಕೆ.’

ಮಕರ ಸಂಕ್ರಾಂತಿಯ ಹೊತ್ತಿಗೆ ಅದು ಮುಗಿಯಿತು. ಫೌಂಡ್ರಿಯಲ್ಲಿ ಕೂರಿಸಲು ನಾನೊಬ್ಬನೇ ಹೋದೆ. ಕೂರಿಸಿ ಬಂದು ಹೇಳಲು ಅವರ ಮನೆಗೆ ಹೋದರೆ ಬಾಗಿಲು ತೆಗೆದ ತಾಯಿ, ಮಗಳನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ತಾನು ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದೇನೆ ಎಂದರು. ರಕ್ತದ ಕಾಯಿಲೆ. ‘ನಿನಗೆ ಹೇಳಿಲ್ವೇನೋ? ಮಹಾಲಯ ಅಮಾವಾಸ್ಯೆ ಹೊತ್ತಿಗೇ ಗೊತ್ತಾಗಿತ್ತಲ್ಲೋ. ಅವತ್ತೇ ಬಾ ಅಂದ್ರು ಡಾಕ್ಟ್ರು. ಒಂದು ಕೆಲಸ ಇದೆ ಅಂತ ಮುಂದಕ್ಕೆ ಹಾಕ್ತಾನೇ ಬಂದ್ಲು...’

ಮಹಾಲಯ ಅಮಾವಾಸ್ಯೆ ಕಳೆದ ಮೇಲಲ್ಲವೇ ಆಯುಧಪೂಜೆ. ಮಂಡಕ್ಕಿಯ ದೊನ್ನೆ ಹಿಡಿದು ನಿಂತಾಗ ಅವರಿಗೆ ಎಲ್ಲ ಗೊತ್ತಿತ್ತು. ನಾನು ಹೆದರಿದಿರಾ ಎಂದು ಕೇಳಿದಾಗಲೂ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಅವರನ್ನು ನೋಡಿದೆ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು. ಮುಖ ಚಿಕ್ಕದಾಗಿತ್ತು. ಫೌಂಡ್ರಿಯವರು ಏನಾದರೂ ಕೇಳಿದರಾ ಎಂದು ವಿಚಾರಿಸಿದರು. ಇಲ್ಲ, ಒಂದು ಫೋನೂ ಬಂದಿಲ್ಲ ಎಂದೆ. ಕಣ್ಣು ಮುಚ್ಚಿ, ‘ಒಳ್ಳೇದಾಯ್ತು’ ಎಂದರು. ಅವರು ಕೇಳಿದ ಕೊನೆಯ ವಿಷಯ ಅದು, ನನ್ನ ನೆನಪು ಸರಿಯಿದ್ದರೆ. ಇಲ್ಲಿ ನನ್ನ ನೆನಪು ಸರಿಯಿಲ್ಲ ಎಂದು ನನಗೇ ಗೊತ್ತು. ಯಾಕೆಂದರೆ ಆಯುಧಪೂಜೆಯ ದಿನ ಗೇಟಿನ ನೆರಳಿನಲ್ಲಿ ಕೂತ ಮೇಡಂ ಕಣ್ಣ ಮುಂದೆ ಬಂದಾಗಲೂ ಅವರ ತಲೆಗೆ ಬಟ್ಟೆ ಕಟ್ಟಿರುತ್ತದೆ. ಆಗ ಅವರಿಗೆ ಉದ್ದ ಜಡೆಯಿತ್ತು. ನನ್ನ ತಲೆ ಹಳೆಯ ಚಿತ್ರದ ಮೇಲೆಯೇ ಹೊಸದನ್ನು ಬರೆದಿದೆ. ಅವರು ಜೀವನವಿಡೀ ಬೇಡ ಎಂದ ಕೆಲಸವದು. ಜಡೆಯಿದ್ದ ಮುಖವನ್ನು ನಾನು ಎಷ್ಟು ಪ್ರಯತ್ನಪಟ್ಟರೂ ವಾಪಸ್ ತರಲಾರೆ.

ಶಿವರಾತ್ರಿಗೂ ಮುಂಚೆ ಹೋಗಿಬಿಟ್ಟರು. ಅವರ ಮನೆಯ ಪದ್ಧತಿಯಂತೆ ಕುಳ್ಳಿರಿಸಿ, ವಿಭೂತಿ ಧರಿಸಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡಿದರು. ಫೋರ್‌ಮನ್ ಬಂದಿದ್ದ. ಮಣ್ಣು ಹಾಕುವಾಗ ಅವನು ಮಗುವಿನಂತೆ ಅತ್ತ. ನನಗೆ ಅಳು ಬರಲಿಲ್ಲ. ಮೊದಲನೆಯ ಪ್ರೋಗ್ರಾಂ ಇದ್ದ ಫ್ಲಾಪಿಗಳು ಎಲ್ಲಿವೆ ಎಂದು ಯೋಚಿಸುತ್ತಿದ್ದೆ, ಅದೇ ಮುಖ್ಯ ಎನ್ನುವ ಹಾಗೆ. ಅವು ಸಿಕ್ಕವು, ಆದರೆ ಬೂಷ್ಟು ಹಿಡಿದು ಓದಲು ಬರಲಿಲ್ಲ. ರೂಮು ಖಾಲಿ ಮಾಡಿದೆ. ಶಿವಮೊಗ್ಗದಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಫೌಂಡ್ರಿಯಿಂದ ನನಗೆ ಒಂದೇ ಒಂದು ಕರೆಯೂ ಬರಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಮೊದಲು ಕಾಯುತ್ತಿದ್ದೆ. ಏನಾದರೂ ಕೆಡಲಿ, ಕರೆಯಲಿ, ಹೋಗಿ ಅವರು ಬರೆದದ್ದನ್ನು ಮತ್ತೊಮ್ಮೆ ಓದೋಣ ಎಂಬ ಆಸೆ. ಕೆಡಲಿಲ್ಲ. ಆಮೇಲೆ ಅದನ್ನು ಎಸೆದಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಈಗ ಆ ಜಾತಿಯ ಭಾಷೆಗಳನ್ನು ದೊಡ್ಡ ದೊಡ್ಡ ಕಂಪನಿಗಳೂ ಬಳಸುತ್ತವಂತೆ. ನಮ್ಮ ವಿದ್ಯಾರ್ಥಿಗಳು ಬಂದು ಹೊಸ ಸುದ್ದಿಯೆಂಬಂತೆ ನನಗೆ ಹೇಳುತ್ತಾರೆ. ನಾನು ಹೌದಾ ಎನ್ನುತ್ತೇನೆ.

ಹಂಚು ಮನೆಗೆ ತಂದ ಮೇಲೂ ಸಮಾಧಾನವಾಗಲಿಲ್ಲ. ಹೋಗಿ ನೋಡಿಬಿಡೋಣ, ನಾನು ನೆನಪೆಂದು ಇಟ್ಟುಕೊಂಡಿರುವುದರಲ್ಲಿ ಒಂದಾದರೂ ನಿಜವೇ ಎಂದು ಭಾನುವಾರ ಬಿಟ್ಟು ಸೋಮವಾರ ಭದ್ರಾವತಿಗೆ ಹೋದೆ. ಫೌಂಡ್ರಿ ಇನ್ನೂ ಇತ್ತು. ಕಲ್ಲಿದ್ದಲ ಕುಲುಮೆ ಹೋಗಿ ಕರೆಂಟಿನದು ಬಂದಿತ್ತು. ಹಳೆಯ ಯಜಮಾನರು ಈಗಿಲ್ಲ. ಫೋರ್‌ಮನ್ ನಿವೃತ್ತನಾಗಿ ಮಗಳ ಊರಿಗೆ ಹೋದನಂತೆ. ಮೂವತ್ತು ದಾಟಿರದ ಸೂಪರ್‌ವೈಸರ್ ಒಬ್ಬ ಕಾಲೇಜಿನವರೆಂದು ಗೌರವ ಕೊಟ್ಟು ಒಳಗೆ ಕರೆದೊಯ್ದ. ಬೆರಕೆಯ ಲೆಕ್ಕ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ತೆರೆದು, ಅದರ ಹಿಂದಿನ ವಿಷುವಲ್ ಬೇಸಿಕ್ ಬರಹ ತೋರಿಸಿದ.

ಅವರದೇ. ಒಂದೊಂದಕ್ಕೆ ಒಂದೊಂದೇ ಕೆಲಸ. ಯಾವುದನ್ನೂ ಅಳಿಸಿ ಬರೆದಿಲ್ಲ. ಯಾರೋ ಯಾವಾಗಲೋ ಹಳೆಯ ಪ್ರೋಗ್ರಾಮನ್ನು ಇದರೊಳಕ್ಕೆ ಹಾಗೆಯೇ ಎತ್ತಿಟ್ಟಿದ್ದರು. ಅಷ್ಟು ಸಲೀಸಾಗಿ ಎತ್ತಿಡಲು ಬರುವ ಹಾಗೆ ಅವರು ಬರೆದಿದ್ದರು. ಆ ಹುಡುಗಿ ತಡವರಿಸಿದ ಜಾಗಗಳೆಲ್ಲ ನುಣುಪಾಗಿದ್ದವು. ಸ್ಟೂಲಿನ ಮೇಲೆ ಕೂತೆ.

‘ಇದು ಮೊದಲಿಂದ ಇದೆ ಸಾರ್’ ಎಂದ ಸೂಪರ್‌ವೈಸರ್. ‘ಹೊಸಬರು ಯಾರು ಬಂದ್ರೂ ಅರ್ಧ ದಿನದಲ್ಲಿ ಅರ್ಥ ಮಾಡ್ಕೋತಾರೆ. ಒಂದು ಸಲನೂ ಕೈ ಕೊಟ್ಟಿಲ್ಲ. ಯಾರು ಬರೆದಿದ್ದೋ ಪುಣ್ಯಾತ್ಮ.’

‘ಒಬ್ಬ ಮೇಡಂ ಬರೆದಿದ್ದು’ ಎಂದೆ.

‘ಹೌದಾ! ನಿಮಗೆ ಗೊತ್ತಾ ಸಾರ್ ಅವರು? ಎಲ್ಲಿಯೋರು?’

‘ಶಿವಮೊಗ್ಗದೋರೇ.’

‘ಅಯ್ಯೋ, ಇಷ್ಟು ಹತ್ರ ಇಟ್ಕೊಂಡು! ನಾವು ಹೊಸದಾಗಿ ಅಲ್ಯೂಮಿನಿಯಂ ಶುರು ಮಾಡ್ತಿದೀವಿ ಸಾರ್. ಬೆಂಗಳೂರಿಂದ ಇಬ್ಬರು ಬಂದು ಏನೇನೋ ಮಾಡಿಟ್ಟು ಹೋದ್ರು, ಒಂದೂ ತಲೆಬುಡ ಅರ್ಥ ಆಗಲ್ಲ. ಇದೇ ಥರ, ಹಿಂಗೇ ಬೇಕು ಅಂತ ಓನರ್ ದಿನಾ ಬೈತಿದಾರೆ.’ ಅವನು ಜೇಬಿನಿಂದ ಮೊಬೈಲ್ ತೆಗೆದ. ಮಸಿ ಹತ್ತಿದ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಒತ್ತಲು ಸಿದ್ಧನಾಗಿ ನನ್ನ ಮುಖ ನೋಡಿದ. ‘ಅವರ ನಂಬರ್ ಹೇಳಿ ಸಾರ್. ಈಗ್ಲೇ ಮಾಡ್ತೀನಿ.’